ಮೊದಲ ಕಲ್ಲು ಎಸೆದವರು ಯಾರು? ಎದುರುಬದುರಾದ ಎರಡು ಗುಂಪುಗಳ ವಿಡಿಯೊ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ರಸ್ತೆಯ ಆ ಕಡೆ ಒಂದು ಗುಂಪು, ಈ ಕಡೆ ಒಂದು ಗುಂಪು. ನಡುವೆ ಬ್ಯಾರಿಕೇಡ್, ಹತ್ತಿಪ್ಪತ್ತು ಪೊಲೀಸರು. ಇಬ್ಬರ ಕೈಯಲ್ಲೂ ಬೇರೆ ಬೇರೆ ಬಣ್ಣದ ಬಾವುಟ. ಘೋಷಣೆ, ಸಿಳ್ಳೆ, ತಳ್ಳಾಟ. ಹತ್ತನೇ ಸೆಕೆಂಡಿಗೆ ಏನೋ ಹಾರಿ ಬರುತ್ತದೆ, ಕ್ಯಾಮೆರಾ ಅಲುಗಾಡುತ್ತದೆ, ಯಾರೋ ಓಡುತ್ತಾರೆ, ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಅದರ ಕೆಳಗೆ ಒಂದು ಸಾಲು: "ಶಾಂತವಾಗಿ ನಿಂತಿದ್ದ ನಮ್ಮವರ ಮೇಲೆ ಹೇಗೆ ಹಲ್ಲೆ ಮಾಡಿದರು ನೋಡಿ. ಎಲ್ಲ ಗ್ರೂಪ್‌ಗೂ ಕಳಿಸಿ."

ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಮುಳವಾಡದ ಚಹಾದಂಗಡಿಯಲ್ಲಿ ಕೂತವರಿಗೆ ಬಂದ ವಿಡಿಯೊವೇ ಸೊಲ್ಲಾಪುರದಲ್ಲೋ ಕೊಲ್ಹಾಪುರದಲ್ಲೋ ಕೂತವರಿಗೂ ಹೋಗಿರುತ್ತದೆ. ದೃಶ್ಯ ಅದೇ, ಕೆಳಗಿನ ಸಾಲು ಮಾತ್ರ ಬೇರೆ. ಅಲ್ಲಿ 'ನಮ್ಮವರು' ಎಂದರೆ ಎದುರಿನ ಗುಂಪು. ಎರಡೂ ಊರಿನವರು ವಿಡಿಯೊ ನೋಡಿ ಒಂದೇ ಮಾತು ಹೇಳುತ್ತಾರೆ: "ಮೊದಲು ಶುರು ಮಾಡಿದವರು ಅವರೇ."

ರಾಜಕೀಯ ಸಭೆ, ಮೆರವಣಿಗೆಗಳಲ್ಲಿ ಪ್ರತಿಭಟನಾಕಾರರು ಮತ್ತು ಅವರ ವಿರೋಧಿಗಳು ಮುಖಾಮುಖಿಯಾದಾಗ ನಿಜವಾಗಿ ಏನಾಗುತ್ತದೆ? ಜನ ಗುಂಪಾದ ಕೂಡಲೇ ಬುದ್ಧಿ ಕಳೆದುಕೊಳ್ಳುತ್ತಾರೆ ಎನ್ನುವುದು ನಿಜವೇ? 'ಯಾರು ಮೊದಲು' ಎಂಬ ಪ್ರಶ್ನೆಗೆ ಮೂವತ್ತು ಸೆಕೆಂಡಿನ ವಿಡಿಯೊ ಉತ್ತರ ಕೊಡಬಲ್ಲದೇ? ಇದಕ್ಕೆಲ್ಲ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಪಕ್ಕದ ಬೆಳಗಾವಿಯೇ ಸಾಕು.

ಬೆಳಗಾವಿ, 2021ರ ಡಿಸೆಂಬರ್: ಐದು ದಿನ

ಬೆಳಗಾವಿಯಲ್ಲಿ ಪ್ರತಿಭಟನೆ ಮತ್ತು ಪ್ರತಿ-ಪ್ರತಿಭಟನೆ ಹೆಚ್ಚುಕಡಿಮೆ ವಾರ್ಷಿಕ ಕಾರ್ಯಕ್ರಮ. ನವೆಂಬರ್ 1 ಬಂದರೆ ಊರಿನ ಒಂದು ಕಡೆ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದು ಕಡೆ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನ. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಬೆಳಗಾವಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಒಪ್ಪದವರ ಪ್ರತಿಭಟನೆ ಅದು. 1966ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಹಾಜನ ಆಯೋಗ ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ಬೆಳಗಾವಿಯಲ್ಲೇ ಅಧಿವೇಶನ ನಡೆಸತೊಡಗಿತು, 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಅಧಿವೇಶನಕ್ಕೆ ಪ್ರತಿಯಾಗಿ ಸಮಿತಿ 'ಮಹಾಮೇಳಾವ' ನಡೆಸುತ್ತದೆ, ಮೇಳಾವಕ್ಕೆ ಪ್ರತಿಯಾಗಿ ಕನ್ನಡ ಸಂಘಟನೆಗಳು ಬೀದಿಗಿಳಿಯುತ್ತವೆ. ಒಂದರ ನೆರಳಿನಂತೆ ಇನ್ನೊಂದು.

2021ರ ಡಿಸೆಂಬರ್ 13ರಂದು ಚಳಿಗಾಲದ ಅಧಿವೇಶನ ಶುರುವಾಯಿತು. ಅದೇ ದಿನ ತಿಲಕವಾಡಿಯ ವ್ಯಾಕ್ಸಿನ್ ಡಿಪೊ ಮೈದಾನದಲ್ಲಿ ಮೇಳಾವದ ಸಿದ್ಧತೆ. ಅಲ್ಲಿಗೆ ಬಂದ ಕನ್ನಡ ಸಂಘಟನೆಯೊಂದರ ಕಾರ್ಯಕರ್ತರು ಸಮಿತಿಯ ಮುಖಂಡ ದೀಪಕ ದಳವಿ ಅವರ ಮುಖಕ್ಕೆ ಮಸಿ ಬಳಿದರು. ಅದರ ವಿಡಿಯೊ ಹರಡಿತು. ಪ್ರತಿಯಾಗಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟರು. ಅದರ ವಿಡಿಯೊವೂ ಹರಡಿತು. ನಂತರ ಬೆಂಗಳೂರಿನ ಸದಾಶಿವನಗರದ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು. ಆ ವಿಡಿಯೊ ಬೆಳಗಾವಿ ತಲುಪಿದ ರಾತ್ರಿ, ಅಂದರೆ ಡಿಸೆಂಬರ್ 17ರಂದು, ಜನ ಬೀದಿಗೆ ಬಂದರು, ಸರ್ಕಾರಿ ವಾಹನಗಳ ಮೇಲೆ ಕಲ್ಲು ಬಿದ್ದವು. ಅದೇ ರಾತ್ರಿ ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಲಾಯಿತು. ಬೆಳಗಾವಿಯಲ್ಲಿ ನಿಷೇಧಾಜ್ಞೆ ಬಂತು. ಡಿಸೆಂಬರ್ 31ಕ್ಕೆ ಕರ್ನಾಟಕ ಬಂದ್ ಕರೆಯೂ ಬಂತು, ಕೊನೆ ಗಳಿಗೆಯಲ್ಲಿ ಅದನ್ನು ಹಿಂತೆಗೆದುಕೊಂಡರು.

ಈ ಐದು ದಿನಗಳ ಘಟನೆಗಳಲ್ಲಿ ಒಂದು ವಿಶೇಷ ಇದೆ. ಬೆಳಗಾವಿ, ಕೊಲ್ಹಾಪುರ, ಬೆಂಗಳೂರು, ಮತ್ತೆ ಬೆಳಗಾವಿ. ಮೊದಲ ದಿನ ಬಿಟ್ಟರೆ ಎರಡು ಗುಂಪುಗಳು ನೇರವಾಗಿ ಎದುರಾದದ್ದೇ ಇಲ್ಲ. ನೂರಾರು ಕಿಲೋಮೀಟರ್ ದೂರದ ಊರುಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿದ್ದು ಫೋನು. ಹಿಂದೆ ಮುಖಾಮುಖಿ ಆಗಲು ಒಂದೇ ಚೌಕದಲ್ಲಿ ಇರಬೇಕಿತ್ತು, ಈಗ ಅದರ ಅಗತ್ಯವಿಲ್ಲ.

ಈಗ ಕೇಳಿ: ಇದನ್ನು ಶುರು ಮಾಡಿದವರು ಯಾರು?

ಒಬ್ಬರಿಗೆ ಕತೆ ಶುರುವಾಗುವುದು ರಾಯಣ್ಣನ ಪ್ರತಿಮೆಯಿಂದ, ಇಲ್ಲವೇ ಬಾವುಟ ಸುಟ್ಟದ್ದರಿಂದ. ಇನ್ನೊಬ್ಬರಿಗೆ ಅದು ಶುರುವಾಗುವುದು ಮಸಿಯಿಂದ. ಮಸಿ ಬಳಿದವರನ್ನು ಕೇಳಿದರೆ ಅವರು ಕರಾಳ ದಿನದಿಂದ ಶುರು ಮಾಡುತ್ತಾರೆ. ಕರಾಳ ದಿನದವರು 1956ಕ್ಕೆ ಹೋಗುತ್ತಾರೆ. ಸಂವಹನ ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. ಪಾಲ್ ವಾಟ್ಸ್‌ಲಾವಿಕ್ ಮತ್ತು ಸಂಗಡಿಗರು 1967ರ ತಮ್ಮ ಪುಸ್ತಕದಲ್ಲಿ ಇದನ್ನು ಘಟನೆಗಳಿಗೆ ವಿರಾಮಚಿಹ್ನೆ ಹಾಕುವುದು ಎಂದು ಕರೆದರು. ಅವರು ಕೊಟ್ಟ ಉದಾಹರಣೆ ಗಂಡ-ಹೆಂಡತಿಯದು. "ನೀನು ಬೈಯುತ್ತೀಯ, ಅದಕ್ಕೇ ನಾನು ಸುಮ್ಮನಿರುತ್ತೇನೆ" ಎಂದು ಗಂಡ. "ನೀವು ಸುಮ್ಮನಿರುತ್ತೀರಿ, ಅದಕ್ಕೇ ನಾನು ಬೈಯುತ್ತೇನೆ" ಎಂದು ಹೆಂಡತಿ. ನಡೆಯುತ್ತಿರುವುದು ಒಂದೇ ಸರಪಳಿ. ವಾಕ್ಯ ಎಲ್ಲಿ ಶುರುವಾಯಿತು ಎನ್ನುವಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿಲ್ಲ. ಮನೆಮನೆಯಲ್ಲೂ ನಡೆಯುವ ಈ ವಾದಕ್ಕೆ ಸಿದ್ಧಾಂತ ಯಾಕೆ ಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ಆದರೆ ವಿಡಿಯೊ ಕತ್ತರಿಸುವವರು ಮಾಡುವುದೂ ಇದೇ ಕೆಲಸ. ವಿಡಿಯೊದ ಮೊದಲ ಫ್ರೇಮ್ ಎಂದರೆ ಯಾರೋ ಒಬ್ಬರು ಹಾಕಿದ ವಿರಾಮಚಿಹ್ನೆ. ಅದಕ್ಕಿಂತ ಹಿಂದಿನದು ಹೋಯಿತು. 'ಮೊದಲು' ಎನ್ನುವ ಪದದ ಅರ್ಥವನ್ನು ಆ ಕತ್ತರಿ ನಿರ್ಧರಿಸಿಬಿಟ್ಟಿರುತ್ತದೆ.

ಇದಕ್ಕಿಂತ ಐದು ವರ್ಷ ಮೊದಲು, 2016ರ ಸೆಪ್ಟೆಂಬರ್‌ನಲ್ಲಿ, ಕಾವೇರಿ ವಿಷಯದಲ್ಲೂ ಹೀಗೇ ಆಗಿತ್ತು. ಬೆಂಗಳೂರಿನಲ್ಲಿ ತಮಿಳು ಯುವಕನೊಬ್ಬನ ಮೇಲೆ ಹಲ್ಲೆಯ ವಿಡಿಯೊ ತಮಿಳುನಾಡಿನಲ್ಲಿ ಹರಡಿತು. ರಾಮೇಶ್ವರದಲ್ಲಿ ಕನ್ನಡಿಗ ಚಾಲಕನ ಮೇಲಿನ ಹಲ್ಲೆಯ ವಿಡಿಯೊ ಇಲ್ಲಿ ಹರಡಿತು. ಸೆಪ್ಟೆಂಬರ್ 12ರಂದು ಬೆಂಗಳೂರಿನ ಒಂದೇ ಡಿಪೊದಲ್ಲಿ ಸಾಲಾಗಿ ನಿಂತಿದ್ದ ಖಾಸಗಿ ಬಸ್ಸುಗಳು ಸುಟ್ಟುಹೋದವು. ಎರಡೂ ವಿಡಿಯೊ ಸುಳ್ಳಲ್ಲ ಎಂಬುದನ್ನು ಗಮನಿಸಿ. ಪ್ರತಿಯೊಂದು ಊರಿಗೂ ತಲುಪಿದ್ದು ಅದರಲ್ಲಿ ಅರ್ಧ ಮಾತ್ರ.

ಗುಂಪಿಗೆ ಬುದ್ಧಿ ಇರುವುದಿಲ್ಲವೇ?

"ಗುಂಪಿನಲ್ಲಿ ಗೋವಿಂದ" ಎನ್ನುತ್ತೇವೆ. ಜನ ಸೇರಿದರೆ ವಿವೇಕ ಹೋಗುತ್ತದೆ, ಒಬ್ಬ ಕಲ್ಲೆತ್ತಿದರೆ ಎಲ್ಲರೂ ಎತ್ತುತ್ತಾರೆ ಎಂಬ ನಂಬಿಕೆ ಬಹಳ ಹಳೆಯದು. ಅದನ್ನು ಶಾಸ್ತ್ರದ ಹಾಗೆ ಬರೆದವನು ಫ್ರಾನ್ಸಿನ ಗುಸ್ತಾವ್ ಲೆ ಬಾನ್. ಅವನ ಪುಸ್ತಕ ಬಂದದ್ದು 1895ರಲ್ಲಿ. ಗುಂಪಿನೊಳಗೆ ಹೋದ ಮನುಷ್ಯ ಸಮ್ಮೋಹನಕ್ಕೆ ಒಳಗಾದವನಂತೆ ಆಗುತ್ತಾನೆ, ಭಾವನೆ ರೋಗದ ಹಾಗೆ ಹರಡುತ್ತದೆ ಎಂದು ಅವನ ವಾದ. ಪ್ಯಾರಿಸ್ಸಿನ ಬೀದಿಗಳಲ್ಲಿ ಕಾರ್ಮಿಕರ ದಂಗೆಗಳನ್ನು ಕಂಡು ಬೆಚ್ಚಿದ ಮೇಲ್ವರ್ಗದವರಿಗೆ ಆ ಪುಸ್ತಕ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಂತರ ಬಂದವರು ಗುಂಪುಗಳನ್ನು ಹತ್ತಿರದಿಂದ ನೋಡಿದರು. 1980ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಗಲಭೆಯಾಯಿತು. ಮನಶ್ಶಾಸ್ತ್ರಜ್ಞ ಸ್ಟೀಫನ್ ರೈಕರ್ ಅಲ್ಲಿದ್ದವರನ್ನು ಮಾತಾಡಿಸಿ ಅಧ್ಯಯನ ಮಾಡಿದ. ಅವನಿಗೆ ಕಂಡದ್ದು ಹುಚ್ಚು ಹಿಡಿದ ಗುಂಪಲ್ಲ. ಕಲ್ಲು ಬಿದ್ದದ್ದು ಪೊಲೀಸರ ಮೇಲೆ, ಜನರ ಮನೆಗಳ ಮೇಲೆ ಅಲ್ಲ. ಪೊಲೀಸರು ಬಡಾವಣೆ ಬಿಟ್ಟು ಹೋದಾಗ ಗುಂಪು ಬಡಾವಣೆಯ ಗಡಿ ದಾಟಿ ಅವರನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಅಂದರೆ ಗುಂಪಿಗೆ ತನ್ನದೇ ಒಂದು ಲೆಕ್ಕ ಇರುತ್ತದೆ: ಯಾರು ನಮ್ಮವರು, ಯಾರಲ್ಲ, ಎಷ್ಟು ಸರಿ, ಎಷ್ಟು ಅತಿ. ಆ ಲೆಕ್ಕ ನ್ಯಾಯವಾದದ್ದೇ ಆಗಿರಬೇಕು ಎಂದಲ್ಲ. ಲೆಕ್ಕವೇ ಇಲ್ಲ ಎನ್ನುವುದು ತಪ್ಪು.

ಈ ಲೆಕ್ಕ ಬದಲಾಗುವುದು ಎದುರಿನವರು, ಮುಖ್ಯವಾಗಿ ಪೊಲೀಸರು, ಗುಂಪನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರ ಮೇಲೆ. ನೂರು ಜನರಲ್ಲಿ ಐದು ಜನ ಗಲಾಟೆ ಮಾಡಿದರು ಎಂದುಕೊಳ್ಳಿ. ಪೊಲೀಸರು ನೂರೂ ಜನರ ಮೇಲೆ ಲಾಠಿ ಬೀಸಿದರೆ, ಅಲ್ಲಿಯವರೆಗೆ "ಹುಡುಗರೇ, ಸುಮ್ಮನಿರಿ" ಎನ್ನುತ್ತಿದ್ದ ಹಿರಿಯರೂ ಆ ಐದು ಜನರ ಕಡೆಗೆ ಸರಿಯುತ್ತಾರೆ. ಪೋರ್ಚುಗಲ್‌ನಲ್ಲಿ 2004ರ ಯುರೋ ಫುಟ್‌ಬಾಲ್ ನಡೆದಾಗ ರೈಕರ್ ಮತ್ತು ಕ್ಲಿಫರ್ಡ್ ಸ್ಟಾಟ್ ಅಲ್ಲಿನ ಪೊಲೀಸರೊಂದಿಗೆ ಕೆಲಸ ಮಾಡಿ ಇದಕ್ಕೆ ಉಲ್ಟಾ ಕ್ರಮ ತಂದರು: ಹೆಲ್ಮೆಟ್, ಗುರಾಣಿ ಕಣ್ಣಿಗೆ ಕಾಣದಂತೆ ಹಿಂದೆ ಇರಲಿ, ಮುಂದೆ ಸಾಮಾನ್ಯ ಸಮವಸ್ತ್ರದವರು ಅಭಿಮಾನಿಗಳೊಂದಿಗೆ ಮಾತಾಡುತ್ತಾ ಓಡಾಡಲಿ, ತಪ್ಪು ಮಾಡಿದವನನ್ನು ಮಾತ್ರ ಹಿಡಿಯಲಿ. ಎಲ್ಲರೂ ಹೆದರಿದ್ದ ಇಂಗ್ಲೆಂಡ್ ಅಭಿಮಾನಿಗಳಿಂದ ಪಂದ್ಯ ನಡೆದ ಊರುಗಳಲ್ಲಿ ದೊಡ್ಡ ಗಲಭೆ ಆಗಲಿಲ್ಲ. ಆದರೆ ಬೇರೊಂದು ಪೊಲೀಸ್ ಪಡೆಯ ವ್ಯಾಪ್ತಿಯಲ್ಲಿದ್ದ, ಹಳೆಯ ಕ್ರಮವೇ ಇದ್ದ ಅಲ್ಬುಫೇರಾ ಎಂಬ ಪ್ರವಾಸಿ ಊರಿನಲ್ಲಿ ಗಲಭೆ ಆಯಿತು.

ಎದುರುಬದುರು ನಿಂತವರ ವಿಡಿಯೊಗಳನ್ನೇ ನೂರಾರು ಸಲ ತಿರುಗಿಸಿ ನೋಡಿದ ಸಮಾಜಶಾಸ್ತ್ರಜ್ಞ ರಾಂಡಲ್ ಕಾಲಿನ್ಸ್ 2008ರ ತನ್ನ ಪುಸ್ತಕದಲ್ಲಿ ಇನ್ನೊಂದು ವಿಷಯ ಹೇಳುತ್ತಾನೆ. ಮನುಷ್ಯನಿಗೆ ಮುಖಾಮುಖಿ ಹೊಡೆದಾಟ ಸುಲಭವಲ್ಲ. ಕೂಗಾಟ, ತೊಡೆ ತಟ್ಟುವುದು, ಬೆರಳು ತೋರಿಸುವುದು ಬಹಳ ನಡೆಯುತ್ತದೆ, ಹೆಚ್ಚಿನ ಸಲ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಸಾಲಿನ ಕೆಲವರು ಬಿಟ್ಟರೆ ಉಳಿದವರು ನೋಡುತ್ತಾ ನಿಂತಿರುತ್ತಾರೆ. ಅತಿ ಕ್ರೂರ ಹೊಡೆತ ಬೀಳುವುದು ಸಾಲು ಒಡೆದಾಗ: ಒಂದು ಕಡೆಯವರು ತಿರುಗಿ ಓಡಿದಾಗ, ಒಬ್ಬ ಎಡವಿ ಬಿದ್ದಾಗ, ಅವನ ಸುತ್ತ ಐದಾರು ಜನ ಸೇರಿದಾಗ.

ಇದನ್ನು ನೆನಪಿಟ್ಟುಕೊಂಡು ನಿಮ್ಮ ಫೋನಿನ ವಿಡಿಯೊ ನೋಡಿ. ಐದು ಜನ ಸೇರಿ ಬಿದ್ದವನನ್ನು ಹೊಡೆಯುವ ದೃಶ್ಯವೇ ಹೆಚ್ಚು ಹರಡುತ್ತದೆ, ಯಾಕೆಂದರೆ ಅದು ನೋಡಲು ಅಷ್ಟು ಘೋರ. ಆದರೆ ಅದು ಘಟನೆಯ ಕೊನೆಯ ಭಾಗ. ಹೊಡೆದವರು ಮಾಡಿದ್ದು ಅಪರಾಧವೇ, ಅದರಲ್ಲಿ ಅನುಮಾನವಿಲ್ಲ. ಅದಕ್ಕೂ ಒಂದು ಗಂಟೆ ಮೊದಲು ಏನಾಯಿತು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಅಮೆರಿಕ ಮತ್ತು ಜರ್ಮನಿಯ ಪ್ರತಿಭಟನೆಗಳನ್ನು ಅಧ್ಯಯನ ಮಾಡಿದ ಆನೆ ನಸ್ಸಾವರ್ ಕಂಡುಕೊಂಡ ಕಾರಣಗಳು ತೀರಾ ಸಪ್ಪೆ ಎನಿಸುವಂಥವು: ಒಪ್ಪಿಕೊಂಡ ಜಾಗ ಬಿಟ್ಟು ಒಬ್ಬರು ಇನ್ನೊಬ್ಬರ ಜಾಗಕ್ಕೆ ನುಗ್ಗುವುದು, ಪೊಲೀಸರ ನಿರ್ವಹಣೆ ತಪ್ಪುವುದು, ಸಂಘಟಕರು ಮತ್ತು ಪೊಲೀಸರ ನಡುವೆ ಮಾತು ನಿಂತುಹೋಗುವುದು. ಬೆಳಗಾವಿ ಪೊಲೀಸರಿಗೆ ನವೆಂಬರ್ 1ರಂದು ದೊಡ್ಡ ಕೆಲಸ ಎಂದರೆ ಎರಡು ಮೆರವಣಿಗೆ ಒಂದೇ ರಸ್ತೆಯಲ್ಲಿ ಸೇರದಂತೆ ನೋಡಿಕೊಳ್ಳುವುದು. ಯಾವುದೇ ಸಿದ್ಧಾಂತ ಓದದೆಯೂ ಒಬ್ಬ ಅನುಭವಿ ಸರ್ಕಲ್ ಇನ್ಸ್‌ಪೆಕ್ಟರ್‌ಗೆ ಇದು ಗೊತ್ತಿರುತ್ತದೆ.

ಒಂದೇ ದೃಶ್ಯ, ಎರಡು ಕಣ್ಣು

"ವಿಡಿಯೊ ಇದೆಯಲ್ಲ, ಕಣ್ಣಿಗೆ ಕಾಣುತ್ತದಲ್ಲ" ಎಂಬ ಮಾತಿಗೆ ಉತ್ತರ 1954ರಷ್ಟು ಹಳೆಯದು. ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ನಡೆದ ಒಂದು ಒರಟು ಫುಟ್‌ಬಾಲ್ ಪಂದ್ಯದ ಚಿತ್ರಣವನ್ನು ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಸಂಶೋಧಕರು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಯಾರು ಎಷ್ಟು ಸಲ ನಿಯಮ ಮುರಿದರು ಎಂದು ಎಣಿಸಲು ಹೇಳಿದರು. ಎರಡು ಕಾಲೇಜಿನವರ ಎಣಿಕೆ ಒಂದಕ್ಕೊಂದು ಹೊಂದಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಕಂಡದ್ದೇ ಅಷ್ಟು.

2012ರಲ್ಲಿ ಡ್ಯಾನ್ ಕಹಾನ್ ಮತ್ತು ಸಂಗಡಿಗರು ಇದನ್ನೇ ಪ್ರತಿಭಟನೆಯ ಮೇಲೆ ಪ್ರಯೋಗಿಸಿದರು. ಎಲ್ಲರಿಗೂ ಒಂದೇ ವಿಡಿಯೊ. ಅರ್ಧ ಜನರಿಗೆ "ಇದು ಗರ್ಭಪಾತದ ಆಸ್ಪತ್ರೆಯ ಮುಂದಿನ ಪ್ರತಿಭಟನೆ" ಎಂದರು. ಇನ್ನರ್ಧಕ್ಕೆ "ಸೇನಾ ನೇಮಕಾತಿ ಕೇಂದ್ರದ ಮುಂದಿನ ಪ್ರತಿಭಟನೆ" ಎಂದರು. ಪ್ರತಿಭಟನಾಕಾರರು ದಾರಿಗೆ ಅಡ್ಡ ನಿಂತರೇ, ಬೆದರಿಸಿದರೇ ಎಂದು ಕೇಳಿದಾಗ ಉತ್ತರ ಬದಲಾದದ್ದು ವಿಡಿಯೊದಿಂದ ಅಲ್ಲ, ನೋಡುವವರ ನಿಲುವು ಮತ್ತು ಕೊಟ್ಟ ವಿವರಣೆಯಿಂದ. ವಿಡಿಯೊದ ಕೆಳಗಿನ ಆ ಒಂದು ಸಾಲು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಪ್ರಯೋಗ ನಾನು ಓದಿಲ್ಲ.

ನಮ್ಮ ರಾಜ್ಯದಲ್ಲಿ ಇದು ದೊಡ್ಡದಾಗಿ ಕಂಡದ್ದು 2022ರ ಫೆಬ್ರುವರಿಯಲ್ಲಿ. ಹಿಜಾಬ್ ಧರಿಸಿ ತರಗತಿಗೆ ಬರಲು ಬಿಡಬೇಕು ಎನ್ನುವ ವಿದ್ಯಾರ್ಥಿನಿಯರು ಒಂದು ಕಡೆ, ಅದಕ್ಕೆ ಪ್ರತಿಯಾಗಿ ಕೇಸರಿ ಶಾಲು ಹಾಕಿಕೊಂಡು ಬಂದವರು ಇನ್ನೊಂದು ಕಡೆ. ಉಡುಪಿಯಲ್ಲಿ ಶುರುವಾದದ್ದು ಫೆಬ್ರುವರಿ 7ರ ಹೊತ್ತಿಗೆ ನಮ್ಮ ಇಂಡಿಗೂ ಬಂದು, ಶಾಲು ಹಾಕಿಕೊಂಡು ಬಂದ ವಿದ್ಯಾರ್ಥಿಗಳನ್ನು ಕಂಡು ಕಾಲೇಜಿಗೆ ರಜೆ ಕೊಟ್ಟರು. ಮರುದಿನ ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಎರಡೂ ಗುಂಪು ಘೋಷಣೆ ಕೂಗುತ್ತಾ ಎದುರಾದವು. ಅದೇ ದಿನ ಶಿವಮೊಗ್ಗದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹುಡುಗನೊಬ್ಬ ಧ್ವಜಸ್ತಂಭ ಹತ್ತಿ ಕೇಸರಿ ಬಾವುಟ ಕಟ್ಟಿದ. ರಾಷ್ಟ್ರಧ್ವಜ ಇಳಿಸಿ ಆ ಜಾಗದಲ್ಲಿ ಕೇಸರಿ ಏರಿಸಿದರು ಎಂದು ವಿಡಿಯೊ ಹರಡಿತು. ಆಗಿನ ಕೆಪಿಸಿಸಿ ಅಧ್ಯಕ್ಷರೂ ಹಾಗೆಯೇ ಟ್ವೀಟ್ ಮಾಡಿದರು. ಕಂಬದ ಮೇಲೆ ಆಗ ರಾಷ್ಟ್ರಧ್ವಜವೇ ಇರಲಿಲ್ಲ, ಕಂಬ ಖಾಲಿ ಇತ್ತು ಎಂದು ಜಿಲ್ಲಾ ಪೊಲೀಸರು ತಿಳಿಸಿದರು. ಕಾಲೇಜಿನ ಧ್ವಜಸ್ತಂಭಕ್ಕೆ ಬೇರೆ ಬಾವುಟ ಕಟ್ಟಿದ್ದು ಸರಿಯೇ ಎಂಬ ಪ್ರಶ್ನೆ ಅದರಿಂದ ಹೋಗುವುದಿಲ್ಲ. ಆದರೆ ಖಾಲಿ ಕಂಬದ ಮೇಲೆ ತ್ರಿವರ್ಣವನ್ನು 'ಕಂಡವರು' ಸಾವಿರಾರು ಜನ.

ಸಿಂದಗಿಯವರಿಗೆ ಇನ್ನೊಂದು ಬಾವುಟ ನೆನಪಿರಬೇಕು. 2012ರ ಜನವರಿ 1ರ ಬೆಳಿಗ್ಗೆ ಅಲ್ಲಿನ ತಹಶೀಲ್ದಾರ್ ಕಚೇರಿಯ ಮೇಲೆ ಪಾಕಿಸ್ತಾನದ ಬಾವುಟ ಕಂಡಿತು. ಪ್ರತಿಭಟನೆ ನಡೆಯಿತು, ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಬಾವುಟ ಕಟ್ಟಿದವರು ಯಾರು ಎಂಬ ಬಗ್ಗೆ ಬೀದಿಯಲ್ಲಿ ಯಾರಿಗೂ ಅನುಮಾನವಿದ್ದಂತೆ ಕಾಣಲಿಲ್ಲ. ಕೆಲವೇ ದಿನಗಳಲ್ಲಿ ಪೊಲೀಸರು ಕೆಲವು ಯುವಕರನ್ನು ಬಂಧಿಸಿದರು. ಊರಿನಲ್ಲಿ ಕೋಮು ಉದ್ವಿಗ್ನತೆ ತರಲೆಂದು ಹಿಂದುತ್ವ ಸಂಘಟನೆಯ ನಂಟಿನ ಇವರೇ ಬಾವುಟ ಕಟ್ಟಿದರು ಎಂಬುದು ಪೊಲೀಸರ ಆರೋಪ. ಆಗ ನಮ್ಮ ಹಳ್ಳಿಗಳಲ್ಲಿ ವಾಟ್ಸಾಪ್ ಇನ್ನೂ ಹೀಗೆ ಹರಡಿರಲಿಲ್ಲ.

ಎದುರಾಗಿ ಪ್ರತಿಭಟಿಸುವುದು ಹಕ್ಕೇ?

ಹೌದು. ಸಂವಿಧಾನದ 19(1)(ಬಿ) ವಿಧಿ ಶಾಂತಿಯುತವಾಗಿ, ಆಯುಧವಿಲ್ಲದೆ ಸಭೆ ಸೇರುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಡುತ್ತದೆ. ಅದರಲ್ಲಿ 'ಮೊದಲು ಬಂದವರಿಗೆ ಮಾತ್ರ' ಎಂದಿಲ್ಲ. ಒಂದು ಪಕ್ಷದ ಸಭೆಯನ್ನು ವಿರೋಧಿಸಿ ಕಪ್ಪು ಬಾವುಟ ಹಿಡಿದು ನಿಲ್ಲುವುದೂ ಅದೇ ಹಕ್ಕಿನೊಳಗೆ ಬರುತ್ತದೆ. ಆದರೆ ಇನ್ನೊಬ್ಬರ ಸಭೆ ನಡೆಯದಂತೆ ಮಾಡುವುದು ಆ ಹಕ್ಕಲ್ಲ. ಸಾರ್ವಜನಿಕ ಸುವ್ಯವಸ್ಥೆಗಾಗಿ ಸರ್ಕಾರ ಸಮಂಜಸವಾದ ನಿರ್ಬಂಧ ಹಾಕಬಹುದು ಎಂದೂ 19(3) ಹೇಳುತ್ತದೆ.

ಇಲ್ಲಿ ಒಂದು ತೊಡಕಿನ ಪ್ರಶ್ನೆ ಹುಟ್ಟುತ್ತದೆ. "ಆ ಸಭೆ ನಡೆದರೆ ನಾವು ಗಲಾಟೆ ಮಾಡುತ್ತೇವೆ" ಎಂದು ಒಬ್ಬರು ಬೆದರಿಸಿದರೆ, ಶಾಂತಿ ಕಾಪಾಡಲು ಆ ಸಭೆಯನ್ನೇ ನಿಷೇಧಿಸಬೇಕೇ? ಇಂಗ್ಲೆಂಡಿನಲ್ಲಿ 1882ರಲ್ಲೇ ಈ ಪ್ರಶ್ನೆ ಕೋರ್ಟಿಗೆ ಬಂದಿತ್ತು. ವೆಸ್ಟನ್ ಎಂಬ ಸಮುದ್ರತೀರದ ಊರಿನಲ್ಲಿ ಸಾಲ್ವೇಶನ್ ಆರ್ಮಿಯವರು ಭಾನುವಾರ ಮೆರವಣಿಗೆ ಹೋಗುತ್ತಿದ್ದರು. ಅವರನ್ನು ತಡೆಯಲೆಂದೇ 'ಸ್ಕೆಲಿಟನ್ ಆರ್ಮಿ' ಎಂಬ ಗುಂಪು ಹುಟ್ಟಿಕೊಂಡಿತ್ತು, ಹೊಡೆದಾಟ ಆಗುತ್ತಿತ್ತು. ಕಾನೂನುಬದ್ಧವಾಗಿ ನಡೆಯುವವರನ್ನು, ಅವರ ವಿರೋಧಿಗಳು ಗಲಾಟೆ ಮಾಡುತ್ತಾರೆ ಎಂಬ ಕಾರಣಕ್ಕೆ ತಪ್ಪಿತಸ್ಥರು ಎನ್ನಲಾಗದು ಎಂದು ಕೋರ್ಟು ಹೇಳಿತು. ಮೀಸಲಾತಿ ಕುರಿತ ತಮಿಳು ಸಿನಿಮಾವೊಂದರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1989ರಲ್ಲಿ ಇದೇ ದಾರಿ ಹಿಡಿಯಿತು: ಪ್ರತಿಭಟನೆಯ, ಹಿಂಸೆಯ ಬೆದರಿಕೆ ಇದೆ ಎಂದು ಅಭಿವ್ಯಕ್ತಿಯನ್ನು ತಡೆಯುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಕೆಲಸ. ನೆಲದ ಮೇಲೆ ಯಾವಾಗಲೂ ಹೀಗೆ ನಡೆಯುತ್ತದೆ ಎಂದು ಹೇಳಿದರೆ ನೀವು ನಗುತ್ತೀರಿ. ಎರಡೂ ಕಡೆಗೆ ಅನುಮತಿ ನಿರಾಕರಿಸುವುದು ಅಧಿಕಾರಿಗಳಿಗೆ ಎಷ್ಟೋ ಸುಲಭ.

'144 ಹಾಕಿದ್ದಾರೆ' ಎಂಬ ಮಾತನ್ನೂ ಸ್ವಲ್ಪ ಬಿಡಿಸೋಣ. 2024ರ ಜುಲೈ 1ರಿಂದ ಆ ಹಳೆಯ ಸಂಖ್ಯೆ ಹೋಗಿದೆ, ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಆದೇಶ ಲಿಖಿತವಾಗಿರಬೇಕು, ಕಾರಣ ಇರಬೇಕು. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ಜಾರಿಯಲ್ಲಿರದು. ರಾಜ್ಯ ಸರ್ಕಾರ ಅದನ್ನು ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು. ಬಾಯಿಮಾತಿನ '144' ಎಂಬುದು ಇಲ್ಲ. ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ಹೊತ್ತಿನಲ್ಲಿ, 2019ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು.

ಕೇಸು ಯಾರ ಮೇಲೆ ಬೀಳುತ್ತದೆ

ಭಾರತೀಯ ನ್ಯಾಯ ಸಂಹಿತೆಯ 189ನೇ ಸೆಕ್ಷನ್ ಪ್ರಕಾರ ಐದು ಅಥವಾ ಹೆಚ್ಚು ಜನ ಕಾನೂನು ಹೇಳುವ ಕೆಲವು ಉದ್ದೇಶಗಳಿಗೆ ಸೇರಿದರೆ ಅದು ಅಕ್ರಮ ಕೂಟ. 190ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ: ಆ ಸಮಾನ ಉದ್ದೇಶಕ್ಕಾಗಿ ಕೂಟದ ಒಬ್ಬ ಮಾಡಿದ ಅಪರಾಧಕ್ಕೆ ಕೂಟದ ಪ್ರತಿಯೊಬ್ಬ ಸದಸ್ಯನೂ ಹೊಣೆ. "ನಾನು ಕಲ್ಲು ಎಸೆದಿಲ್ಲ, ನಿಂತಿದ್ದೆ ಅಷ್ಟೇ" ಎಂಬ ಮಾತನ್ನು ನಂತರ ಕೋರ್ಟಿನಲ್ಲಿ ಸಾಬೀತು ಮಾಡಲು ವರ್ಷಗಳೇ ಬೇಕಾಗಬಹುದು. ಬಂದೋಬಸ್ತ್‌ನಲ್ಲಿ ಪೊಲೀಸರೂ ವಿಡಿಯೊ ಮಾಡುತ್ತಾರೆ, ಅದರಲ್ಲಿ ಕಂಡ ಮುಖಗಳು ಎಫ್‌ಐಆರ್‌ಗೆ ಬರುತ್ತವೆ.

2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ಆದದ್ದನ್ನು ನೋಡಿ. ಮಸೀದಿಯ ಮೇಲೆ ಕೇಸರಿ ಬಾವುಟ ಇರುವಂತೆ ತಿದ್ದಿದ ಒಂದು ಚಿತ್ರ, ಯಾರೋ ಯುವಕನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಅವನ ಮೇಲೆ ಕ್ರಮ ಕೈಗೊಳ್ಳಿ ಎಂದು ಪೊಲೀಸ್ ಠಾಣೆ ಮುಂದೆ ಜನ ಸೇರಿದರು, ಪ್ರತಿಭಟನೆ ಕಲ್ಲುತೂರಾಟವಾಯಿತು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು, ಅನೇಕರು ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. 2024ರಲ್ಲಿ ರಾಜ್ಯ ಸರ್ಕಾರ ಈ ಪ್ರಕರಣವೂ ಸೇರಿದಂತೆ 43 ಪ್ರಕರಣಗಳನ್ನು ಹಿಂತೆಗೆಯಲು ಹೊರಟಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. "ಆಮೇಲೆ ನಮ್ಮ ಸರ್ಕಾರ ಬಂದರೆ ಕೇಸ್ ತೆಗೀತಾರ ಬಿಡೋ" ಎಂದು ಹುಡುಗರನ್ನು ಮುಂದೆ ದೂಡುವವರಿಗೆ ಈ ತೀರ್ಪು ಗೊತ್ತಿರಲಿ.

ವಿಜಯಪುರದಲ್ಲಿ ಕೋಣೆ ಬಾಡಿಗೆ ಹಿಡಿದು ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ ಪರೀಕ್ಷೆಗೆ ಓದುತ್ತಿರುವ ನಮ್ಮ ಸುತ್ತಲಿನ ಹಳ್ಳಿಗಳ ಹುಡುಗರಿಗೆ ಇದು ದೊಡ್ಡ ವಿಷಯ. ಆಯ್ಕೆಯಾದ ಮೇಲೆ ಪೊಲೀಸ್ ಪರಿಶೀಲನೆ ಇರುತ್ತದೆ. ಬಾಕಿ ಇರುವ ಗಲಭೆ ಕೇಸು ಅಲ್ಲಿ ಎದ್ದು ಬರುತ್ತದೆ. ಸಭೆಗೆ ಕರೆದ ನಾಯಕ ಅಷ್ಟು ಹೊತ್ತಿಗೆ ಬೇರೆ ಪಕ್ಷದಲ್ಲಿರಬಹುದು.

ಬೀದಿಗೆ ಹೋಗದವರಿಗೂ ಬಿಸಿ ತಟ್ಟುತ್ತದೆ. 2025ರ ಫೆಬ್ರುವರಿ 21ರಂದು ಬೆಳಗಾವಿ ಹತ್ತಿರ ಮರಾಠಿಯಲ್ಲಿ ಉತ್ತರಿಸಲಿಲ್ಲ ಎಂದು ಬಸ್ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾಯಿತು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ತಡೆದು ಮಸಿ ಬಳಿದರು, ಆ ಕಡೆ ಕರ್ನಾಟಕದ ಬಸ್ಸುಗಳಿಗೆ ಅದೇ ಗತಿ. ಎರಡು ರಾಜ್ಯಗಳ ನಡುವಿನ ಬಸ್ ಸಂಚಾರ ಅಸ್ತವ್ಯಸ್ತವಾಯಿತು. ಮುಳವಾಡದಿಂದ ವಿಜಯಪುರ ದಾಟಿ ಸೊಲ್ಲಾಪುರದ ಆಸ್ಪತ್ರೆಗೋ ಪೇಟೆಗೋ ಹೋಗಬೇಕಾದವರು ಆ ದಿನಗಳಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ, "ಇವತ್ತು ಬಸ್ ಅದಾವೇನ್ರಿ?"

ವಿಡಿಯೊ ಬಂದಾಗ ಏನು ನೋಡಬೇಕು

ಮೊದಲು ಮೇಲ್ಗಡೆ ನೋಡಿ. ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು, ಕಳಿಸಿದ ನಿಮ್ಮ ಮಾವನಿಗೂ ಅದರ ಮೂಲ ಗೊತ್ತಿಲ್ಲ ಎಂದರ್ಥ. ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂಬ ಮಿತಿ ಬಂದದ್ದು 2018ರ ಜುಲೈನಲ್ಲಿ, ಮಕ್ಕಳ ಕಳ್ಳರ ವದಂತಿಯಿಂದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವಕನನ್ನು ಗುಂಪು ಕೊಂದ ಬೆನ್ನಲ್ಲೇ. ದೇಶದಲ್ಲಿ ಅಂಥ ಹತ್ಯೆಗಳು ಸಾಲಾಗಿ ನಡೆದಿದ್ದವು. ಎರಡು ಬಾಣದ ಸಂದೇಶವನ್ನು 2020ರಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಬರುತ್ತದೆ.

ಆಮೇಲೆ ಕ್ಯಾಮೆರಾ ಎಲ್ಲಿ ನಿಂತಿದೆ ನೋಡಿ. ಒಂದು ಗುಂಪಿನ ಒಳಗಿನಿಂದ ತೆಗೆದ ವಿಡಿಯೊದಲ್ಲಿ ಎದುರಿನಿಂದ ಬರುವ ಕಲ್ಲು ಕಾಣುತ್ತದೆ, ಪಕ್ಕದವನ ಕೈಯಿಂದ ಹೋಗುವ ಕಲ್ಲು ಕಾಣುವುದು ಕಡಿಮೆ. ಮಹಡಿ ಮೇಲಿನಿಂದ, ಬದಿಯಿಂದ ತೆಗೆದದ್ದು ಸಿಕ್ಕರೆ ಅದಕ್ಕೆ ಬೆಲೆ ಹೆಚ್ಚು. ವಿಡಿಯೊ ಶುರುವಾಗುವಾಗಲೇ ಜನ ಓಡುತ್ತಿದ್ದರೆ ಅದರ ಹಿಂದಿನ ಭಾಗ ಬೇರೆ ಕಡೆ ಇದೆ. ಧ್ವನಿ ಕೇಳಿ: ಘೋಷಣೆ ಮತ್ತು ತುಟಿ ಹೊಂದುತ್ತವೆಯೇ, ಇಲ್ಲವೇ ಬೇರೆ ಘೋಷಣೆ ಅಂಟಿಸಿದ್ದಾರೆಯೇ?

ಹಳೆಯದೋ ಹೊಸದೋ ಎನ್ನುವ ಅನುಮಾನಕ್ಕೆ, ಸ್ಪಷ್ಟವಾದ ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಬೇರೆ ವರ್ಷದ, ಬೇರೆ ರಾಜ್ಯದ ಸುದ್ದಿಯಲ್ಲಿ ಅದೇ ಚಿತ್ರ ಸಿಕ್ಕರೆ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಅಂಗಡಿಗಳ ಬೋರ್ಡಿನ ಭಾಷೆ ನೋಡಿ, ಆದರೆ ಗಡಿಭಾಗದಲ್ಲಿ ಅದೊಂದನ್ನೇ ನಂಬಬೇಡಿ. ಬೆಳಗಾವಿಯಲ್ಲಿ ಮರಾಠಿ ಬೋರ್ಡು, ಅಕ್ಕಲಕೋಟೆಯಲ್ಲಿ ಕನ್ನಡ ಮಾತು, ಎರಡೂ ಸಹಜ. ದ್ವಿಚಕ್ರ ವಾಹನಗಳ ನಂಬರ್ ಪ್ಲೇಟ್ ಅದಕ್ಕಿಂತ ಒಳ್ಳೆಯ ಸಾಕ್ಷಿ, ಯಾಕೆಂದರೆ ಅವು ಊರು ಬಿಟ್ಟು ಬಹಳ ದೂರ ಹೋಗುವುದಿಲ್ಲ. ಸಾಲಾಗಿ ನಿಂತ ಬೈಕುಗಳಲ್ಲಿ ಕೆಎ 28 ಹೆಚ್ಚಿದ್ದರೆ ವಿಜಯಪುರ ಜಿಲ್ಲೆ, ಕೆಎ 22 ಬೆಳಗಾವಿ, ಎಂಎಚ್ 13 ಸೊಲ್ಲಾಪುರ, ಎಂಎಚ್ 09 ಕೊಲ್ಹಾಪುರ. ಸರ್ಕಾರಿ ಬಸ್ ಕಂಡರೆ ಅದರ ಮೇಲಿನ ನಿಗಮದ ಹೆಸರು ಓದಿ. 'ಕಲ್ಯಾಣ ಕರ್ನಾಟಕ' ಎಂದಿದ್ದರೆ ಕಲಬುರಗಿ, ಬೀದರ್ ಕಡೆಯದು, ಜೊತೆಗೆ ನಮ್ಮ ವಿಜಯಪುರದ್ದೂ ಆಗಬಹುದು. 'ವಾಯವ್ಯ ಕರ್ನಾಟಕ' ಎಂದಿದ್ದರೆ ಬೆಳಗಾವಿ, ಬಾಗಲಕೋಟೆ, ಗದಗ ಕಡೆಯ ಬಸ್ಸು.